ನಾಲ್ಕನೇ ವಚನಕ್ಕೂ ಮೊದಲು

ಪ್ರತಿ ಮಂಗಳವಾರ ನನ್ನ ಚೀಲದಲ್ಲಿ ಎರಡು ಬಿಳಿ ಟವೆಲ್, ಒಂದು ಬೇಸಿನ್, ಸಾಬೂನು, ನೇಲ್ ಕಟರ್ ಇರುತ್ತವೆ. ಉಡುಪಿ ಸುತ್ತಮುತ್ತ ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಅವರ ಕಾಲು ತೊಳೆದು, ಸ್ವಲ್ಪ ಹೊತ್ತು ಮಾತಾಡಿ ಬರುತ್ತೇನೆ. ಶಾಲೆಯಿಂದ ನಿವೃತ್ತಳಾದ ಮೇಲೆ ಶುರು ಮಾಡಿದ್ದು. ನಮ್ಮ ಚರ್ಚ್ ಸಭೆಯ ನರ್ಸ್ ಒಬ್ಬರು ಕಲಿಸಿಕೊಟ್ಟರು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕರಾವಳಿಯಲ್ಲಿ ಹುಟ್ಟಿದ ಸಭೆಗಳಲ್ಲಿ ನಮ್ಮದೂ ಒಂದು. ಶಾಲೆಗಳು, ಹಂಚಿನ ಕಾರ್ಖಾನೆಗಳು, 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಶುರು ಮಾಡಿದ ಮಿಷನ್ ಆಸ್ಪತ್ರೆ, ಇವುಗಳ ಕತೆ ಕೇಳುತ್ತಲೇ ನಾವು ಬೆಳೆದೆವು. ಕ್ರೈಸ್ತರು ಅಂದ ಮೇಲೆ ಸೇವೆ ಮಾಡಲೇಬೇಕು ಅನ್ನುವುದು ರಕ್ತದಲ್ಲೇ ಇತ್ತು. ಯಾಕೆ ಅಂತ ಮಾತ್ರ ನಾನು ಕೇಳಿಕೊಂಡಿರಲಿಲ್ಲ.

ಮೊದಲ ವರ್ಷ ದಿನಕ್ಕೆ ನಾಲ್ಕು ಮನೆ. ‘ನಾನು ಹೋಗದಿದ್ದರೆ ಇವರಿಗೆ ಯಾರಿದ್ದಾರೆ?’ ಅನ್ನುವ ಯೋಚನೆ ಸದಾ ಬೆನ್ನು ಹತ್ತಿರುತ್ತಿತ್ತು. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಮನೆಯವರು ಒಂದು ಒಳ್ಳೆಯ ಮಾತು ಆಡದಿದ್ದರೆ ಮೂರು ದಿನ ಮನಸ್ಸು ಕೊರೆಯುತ್ತಿತ್ತು. ಜ್ವರ ಬಂದಾಗಲೂ ಹೋದೆ. ದೇವರಿಗೆ ಬೇಜಾರಾಗಬಾರದು ಅನ್ನುವ ಭಯ.

ಒಂದು ಮಂಗಳವಾರ ಮೂರನೇ ಮನೆಯಲ್ಲಿದ್ದೆ. ಸಕ್ಕರೆ ಕಾಯಿಲೆಯ ಅಜ್ಜ. ನಾಲ್ಕನೇ ಮನೆಗೆ ತಡವಾಯ್ತು ಅಂತ ಗಡಿಯಾರ ನೋಡುತ್ತಲೇ ಉಗುರು ಕತ್ತರಿಸುತ್ತಿದ್ದೆ. ಹೆಬ್ಬೆರಳಿನ ಮೂಲೆಯಲ್ಲಿ ಕಟರ್ ಚರ್ಮಕ್ಕೆ ತಾಗಿತು. ಅಜ್ಜನಿಗೆ ಗೊತ್ತೇ ಆಗಲಿಲ್ಲ, ಆ ಪಾದಕ್ಕೆ ನೋವೇ ತಿಳಿಯುತ್ತಿರಲಿಲ್ಲ. ಟವೆಲ್ ಮೇಲೆ ಕೆಂಪು ಹರಡಿದಾಗಲೇ ನನಗೂ ಗೊತ್ತಾಗಿದ್ದು. ಗಾಯ ಮಾಯಲು ಆರು ವಾರ ಹಿಡಿಯಿತು. ಆ ಆರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ದಿನಗಳಲ್ಲೇ ಒಂದು ರಾತ್ರಿ ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ತೆಗೆದೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಭಾಗ. ಶುಭ ಶುಕ್ರವಾರದ ಹಿಂದಿನ ದಿನ ವರ್ಷ ವರ್ಷವೂ ಕೇಳುವುದೇ ಅಲ್ವಾ. ನನ್ನ ನೆನಪಿನಲ್ಲಿ ಅದು ಯಾವಾಗಲೂ 4ನೇ ವಚನದಿಂದ ಶುರುವಾಗುತ್ತಿತ್ತು: ಊಟದಿಂದ ಎದ್ದದ್ದು, ಮೇಲ್ಹೊದಿಕೆ ತೆಗೆದಿಟ್ಟದ್ದು, ಕೈಪಾವುಡ (ಟವೆಲ್) ನಡುವಿಗೆ ಕಟ್ಟಿಕೊಂಡದ್ದು. ಅವತ್ತು 3ನೇ ವಚನದ ಮೇಲೆ ಕಣ್ಣು ನಿಂತಿತು. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರಿಂದ ಬಂದವನು, ದೇವರ ಬಳಿಗೇ ಹೋಗುವವನು ಅಂತ ಸ್ವಾಮಿಗೆ ಗೊತ್ತಿತ್ತು. ಅದು ಗೊತ್ತಿದ್ದೇ ಎದ್ದರು. ಸ್ವಾಮಿಯನ್ನು ಶತ್ರುಗಳಿಗೆ ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಆಗ ಅಲ್ಲೇ ಇದ್ದ. ಅವನಿಂದ ಕೃತಜ್ಞತೆ ಸಿಗುವುದಿಲ್ಲ ಅಂತ ಗೊತ್ತಿದ್ದೂ ತೊಳೆದರು. ತಂದೆಯ ಕೈಯಲ್ಲಿ ನೆಮ್ಮದಿಯಾಗಿ ಇದ್ದವರಿಗೆ ಬೇರೆಯವರಿಂದ ಏನೂ ಬೇಕಿರಲಿಲ್ಲ.

ನನಗೆ ಎಲ್ಲರಿಂದಲೂ ಏನೋ ಬೇಕಿತ್ತು. ದೇವರಿಂದಲೂ. ಆ ರಾತ್ರಿ ತುಂಬಾ ಅತ್ತೆ.

ಈಗ ದಿನಕ್ಕೆ ಎರಡೇ ಮನೆ. ಒಳಗೆ ಹೋಗುವ ಮೊದಲು ಗೇಟಿನ ಹತ್ತಿರ ನಿಂತು ಒಂದು ಸಾಲು ಪ್ರಾರ್ಥಿಸುತ್ತೇನೆ: ‘ತಂದೆಯೇ, ಇವರು ನಿನ್ನವರು, ನಾನೂ ನಿನ್ನವಳು.’ ವಾಚ್ ಬಿಚ್ಚಿ ಚೀಲಕ್ಕೆ ಹಾಕುತ್ತೇನೆ. ಉಗುರುಬೆಚ್ಚಗಿನ ನೀರು ಸಾಕು. ಬಿಸಿಯನ್ನು ನನ್ನ ಮೊಣಕೈ ಅದ್ದಿ ನೋಡುತ್ತೇನೆ, ಅವರ ಕಾಲಿಗೆ ಬಿಸಿ ತಿಳಿಯದೇ ಇರಬಹುದು. ಹಿಮ್ಮಡಿ ಕೆಂಪಾಗಿದೆಯಾ, ಅಂಗಾಲಲ್ಲಿ ಗಾಯ ಇದೆಯಾ ನೋಡುತ್ತೇನೆ. ಬೆರಳ ಸಂದಿಗಳನ್ನು ಒಂದೊಂದಾಗಿ ಒತ್ತಿ ಒರೆಸುತ್ತೇನೆ, ಉಜ್ಜುವುದಿಲ್ಲ. ಅಲ್ಲಿ ತೇವ ಉಳಿದರೆ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಉಗುರಿಗೆ ನಾನೀಗ ಕೈ ಹಾಕುವುದಿಲ್ಲ. ಅದಕ್ಕೆ ನರ್ಸ್ ಬರುತ್ತಾರೆ. ‘ಇದು ನನ್ನಿಂದ ಆಗಲ್ಲ’ ಅಂತ ಹೇಳಲು ನನಗೆ ದೇವರ ಮೇಲೆ ನಂಬಿಕೆ ಬೇಕಾಯಿತು.

ನಂಬಿದ್ದಕ್ಕೆ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಕಳೆದ ಮಳೆಗಾಲದಲ್ಲಿ ನಾನು ತುಂಬಾ ಹಚ್ಚಿಕೊಂಡಿದ್ದ ಒಬ್ಬ ಅಜ್ಜಿ ತೀರಿಕೊಂಡರು. ಇನ್ನೂ ಸ್ವಲ್ಪ ದಿನ ಕೊಡು ಅಂತ ಬೇಡಿದ್ದೆ. ಈಗಲೂ ಆ ಬೀದಿಯಲ್ಲಿ ಹೋಗುವಾಗ ಗಂಟಲು ಕಟ್ಟುತ್ತದೆ.

ಆ ನಾಲ್ಕನೇ ಮನೆಯ ಬಗ್ಗೆ ಹೇಳಬೇಕು. ಗಾಯದ ಘಟನೆ ಆದ ಮೇಲೆ ನಾನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ್ದೆ. ಎರಡು ತಿಂಗಳಾದ ಮೇಲೆ ಅಳುಕುತ್ತಲೇ ಬಾಗಿಲು ತಟ್ಟಿದೆ. ಪಕ್ಕದ ಮನೆಯ ಹುಡುಗಿ ತೆಗೆದಳು. ಒಲೆಯ ಮೇಲೆ ಗಂಜಿ ಇತ್ತು. ಅಜ್ಜಿಯ ತಲೆ ಬಾಚಿತ್ತು, ಹಾಸಿಗೆ ಒಣಗಿತ್ತು. ನಾನು ಹೋಗುವುದಕ್ಕೂ ಮೊದಲಿನಿಂದಲೇ ಅವಳು ಸಂಜೆ ಸಂಜೆ ಬಂದು ನೋಡಿಕೊಳ್ಳುತ್ತಿದ್ದಳಂತೆ. ನಾನು ಬೆಳಿಗ್ಗೆ ಅವಸರದಲ್ಲಿ ಬಂದು ಹೋಗುತ್ತಿದ್ದೆ, ಯಾರನ್ನೂ ಕೇಳಿರಲಿಲ್ಲ. ‘ಉಗುರು ಕತ್ತರಿಸೋಕೆ ಮಾತ್ರ ಹೆದರಿಕೆ ಆಂಟಿ’ ಅಂದಳು. ಅಜ್ಜಿಗೆ ಸಕ್ಕರೆ ಕಾಯಿಲೆ ಇಲ್ಲ. ಬೇಸಿನ್ ಮಧ್ಯೆ ಇಟ್ಟುಕೊಂಡು ಇಬ್ಬರೂ ನೆಲದ ಮೇಲೆ ಕೂತೆವು. ಮೂಲೆ ಕೊರೆಯಬಾರದು, ನೇರವಾಗಿ ಕತ್ತರಿಸಬೇಕು ಅಂತ ಒಂದು ಬೆರಳಿಗೆ ತೋರಿಸಿದೆ. ಉಳಿದ ಒಂಬತ್ತನ್ನು ಅವಳೇ ಮಾಡಿದಳು.