ಬೋರ್ಡು ನೋಡಿ ರೂಮ್ ಹಿಡಿಯುವುದನ್ನು ಬಿಟ್ಟ ಮೇಲೆ

ನನ್ನ ಕೆಲಸ ಕಲರ್ ಸಾರ್ಟರ್ ಮೆಷಿನ್‌ಗಳ ಸರ್ವಿಸ್. ಅಕ್ಕಿಯಲ್ಲಿರುವ ಕಪ್ಪು ಕಾಳನ್ನು ಕ್ಯಾಮೆರಾದಲ್ಲಿ ಗುರುತಿಸಿ, ಗಾಳಿ ಊದಿ ಹೊರಗೆ ಹಾರಿಸುವ ಯಂತ್ರ ಅದು. ಮನೆ ಹುಬ್ಬಳ್ಳಿಯಲ್ಲಿ. ಕೆಲಸ ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ, ಕಲಬುರಗಿಯ ದಾಲ್ ಮಿಲ್‌ಗಳಲ್ಲಿ, ಆಗಾಗ ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ. ತಿಂಗಳಿಗೆ ಹನ್ನೆರಡು, ಹದಿಮೂರು ರಾತ್ರಿ ಹೊರಗೇ ಮಲಗುತ್ತೇನೆ. ಹನ್ನೊಂದು ವರ್ಷದಿಂದ ಇದೇ ಆಗಿದೆ. ಕಂಪನಿಯವರು ದೊಡ್ಡ ಊರಿಗೆ ದಿನಕ್ಕೆ 1,800 ರೂಪಾಯಿ, ಉಳಿದ ಕಡೆ 1,000 ರೂಪಾಯಿ ರೂಮ್ ಬಾಡಿಗೆ ಕೊಡುತ್ತಾರೆ. ಅದಕ್ಕಿಂತ ಹೆಚ್ಚಾದದ್ದು ನನ್ನ ಜೇಬಿನಿಂದ ಹೋಗುತ್ತದೆ. ಅಗ್ಗದ ಚೈನ್ ಹೋಟೆಲ್‌ಗಳು ಕೊಟ್ಟ ದುಡ್ಡಿಗೆ ತಕ್ಕವೋ ಅಲ್ಲವೋ ಅನ್ನುವುದು ನನಗೆ ಪ್ರತಿ ವಾರ ಎದುರಾಗುವ ಲೆಕ್ಕ.

ಮೊದಲ ನಾಲ್ಕೈದು ವರ್ಷ ನಾನು ಬೋರ್ಡನ್ನೇ ನಂಬಿದ್ದೆ. ಆ್ಯಪ್‌ನಲ್ಲಿ ಫೋಟೋ ಚೆನ್ನಾಗಿದೆ, ಹೆಸರು ಕೇಳಿದ್ದೇನೆ, ಮುಂಗಡ ದುಡ್ಡು ಕಟ್ಟಿದರೆ ಇನ್ನೂರು ರೂಪಾಯಿ ಕಡಿಮೆ. ಸರಿ, ಒತ್ತಿಬಿಡು. ಹೀಗೇ ಒಮ್ಮೆ ಪಕ್ಕದ ರಾಜ್ಯದ ದೊಡ್ಡ ಊರೊಂದರಲ್ಲಿ ರಾತ್ರಿ ಹನ್ನೊಂದೂಕಾಲಿಗೆ ಮಳೆಯಲ್ಲಿ ಹೋಗಿ ನಿಂತೆ. ಹೆಗಲ ಮೇಲೆ ಟೂಲ್ ಬ್ಯಾಗು, ಕೈಯಲ್ಲಿ ಬುಕಿಂಗ್ ತೋರಿಸುವ ಮೊಬೈಲು. ಬಾಗಿಲ ಮೇಲೆ ಚೈನಿನ ಬೋರ್ಡು ದೀಪ ಹೊತ್ತಿಸಿಕೊಂಡೇ ಇತ್ತು. ಕೌಂಟರಿನ ಹುಡುಗ ಮೊಬೈಲ್ ನೋಡಿ ತಲೆಯಾಡಿಸಿದ. ಆ ಕಂಪನಿಯಿಂದ ಮಾಲೀಕರಿಗೆ ಮೂರು ತಿಂಗಳಿನ ದುಡ್ಡು ಬಂದಿಲ್ಲವಂತೆ, ಅವರ ಬುಕಿಂಗ್ ತಗೊಳ್ಳಬೇಡ ಎಂದು ಹೇಳಿದ್ದಾರಂತೆ. ಕಸ್ಟಮರ್ ಕೇರ್‌ಗೆ ನಲವತ್ತು ನಿಮಿಷ ಫೋನು ಹಿಡಿದು ನಿಂತೆ. ಕೊನೆಗೆ ಹಿಂದಿನ ರಸ್ತೆಯ ಲಾಡ್ಜ್‌ನಲ್ಲಿ 1,300 ರೂಪಾಯಿಗೆ ರೂಮ್ ಸಿಕ್ಕಿತು. ಕಟ್ಟಿದ ದುಡ್ಡು ಒಂಬತ್ತು ದಿನದ ಮೇಲೆ ವಾಪಸ್ ಬಂತು.

ಆ ರಾತ್ರಿಯ ಕಥೆಯನ್ನು ಸಿಂಧನೂರಿನ ಒಬ್ಬ ಗಿರಣಿ ಮಾಲೀಕರ ಮುಂದೆ ಹೇಳಿದೆ. ಅವರ ತಮ್ಮ ಲಾಡ್ಜ್ ನಡೆಸುತ್ತಾರೆ. "ಸರ, ಬೋರ್ಡ್ ಅವರದ್ದು, ಕಟ್ಟಡ ನಮ್ಮದು, ಹುಡುಗರೂ ನಮ್ಮವ್ರು. ಅವರಿಗೆ ಕಮಿಷನ್ ಹೊಕ್ಕೈತಿ, ಅಷ್ಟ ನೋಡ್ರಿ" ಅಂದರು. ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ಅಗ್ಗದ ಚೈನ್ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಬೇರೆ ವ್ಯಾಪಾರಗಳಿವೆ. ಒಂದರಲ್ಲಿ ಕಂಪನಿಯೇ ಹೋಟೆಲನ್ನು ನಡೆಸುತ್ತದೆ. ಕೌಂಟರಿನಲ್ಲಿ ಕೂತವರ ಸಂಬಳ ಅದರದ್ದೇ. ತಾಜ್ ಹೋಟೆಲ್‌ಗಳ ಇಂಡಿಯನ್ ಹೋಟೆಲ್ಸ್ ಕಂಪನಿ 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಇಂಡಿಒನ್ ಎಂಬ ಹೆಸರಿನಲ್ಲಿ ಶುರು ಮಾಡಿ, ಆಮೇಲೆ ಜಿಂಜರ್ ಎಂದು ಹೆಸರು ಬದಲಿಸಿದ್ದು ಆ ಜಾತಿಯದು. ಇನ್ನೊಂದರಲ್ಲಿ ಮೊದಲೇ ಇದ್ದ ಲಾಡ್ಜಿಗೆ ಹೆಸರು, ಬೆಡ್‌ಶೀಟು, ಆ್ಯಪ್ ಬರುತ್ತವೆ. ಒಳಗಿನ ಪೈಪು, ಮೋಟರು, ಮಾಲೀಕರ ಸ್ವಭಾವ ಹಳೆಯವೇ.

ಎರಡನೆಯ ಬಗೆಯನ್ನು ನಾನು ಹಳಿಯುತ್ತಿಲ್ಲ. 2013ರಲ್ಲಿ ಓಯೋ ಶುರುವಾಗಿ ಈ ಪದ್ಧತಿ ಹರಡಿದ ಮೇಲೆ, ನಾನು ಕಂಡಂತೆ, ಸಣ್ಣ ಲಾಡ್ಜ್‌ಗಳೂ ಬಿಳಿ ಬೆಡ್‌ಶೀಟ್ ಹಾಸತೊಡಗಿದವು, ಬಾಡಿಗೆಯನ್ನು ಮೊದಲೇ ತೋರಿಸತೊಡಗಿದವು. ಅದಕ್ಕೆ ಮುಂಚೆ ಮುಖ ನೋಡಿ ರೇಟು ಹೇಳುವುದೇ ಹೆಚ್ಚಿತ್ತು. ಇದು ದೊಡ್ಡ ಉಪಕಾರ. ಆದರೆ ಅಂಥ ಕಡೆ ನೀವು ದುಡ್ಡು ಕೊಡುತ್ತಿರುವುದು ಒಂದು ನಿರ್ದಿಷ್ಟ ಕಟ್ಟಡಕ್ಕೆ. ಅದೇ ಚೈನಿನ ಎರಡು ಹೋಟೆಲ್‌ಗಳು ಒಂದೇ ಊರಿನಲ್ಲಿ ಸ್ವರ್ಗ, ನರಕ ಆಗಿದ್ದನ್ನು ಒಂದೇ ವಾರದಲ್ಲಿ ನೋಡಿದ್ದೇನೆ.

ಈಗ ನಾನು ಹೇಗೆ ರೂಮ್ ಹಿಡಿಯುತ್ತೇನೆ ಎಂದು ಹೇಳುತ್ತೇನೆ. ಆ್ಯಪ್‌ನಲ್ಲಿ ಹುಡುಕುತ್ತೇನೆ, ಬುಕ್ ಮಾಡುವುದಿಲ್ಲ. ಮ್ಯಾಪ್ ತೆರೆದು, ಉಳಿದುಹೋದವರು ಕಳೆದ ಎರಡು ತಿಂಗಳಲ್ಲಿ ಹಾಕಿದ ಫೋಟೋ ನೋಡುತ್ತೇನೆ. ಹೋಟೆಲಿನವರು ಹಾಕಿದ್ದನ್ನು ನೋಡುವುದೇ ಇಲ್ಲ. ಬಾತ್‌ರೂಮಿನ ಫೋಟೋ ಸಿಕ್ಕರೆ ಅದನ್ನು ದೊಡ್ಡದು ಮಾಡಿ ನಲ್ಲಿಯ ಬುಡ, ಟೈಲ್ಸ್ ಮಧ್ಯದ ಗೆರೆ ನೋಡುತ್ತೇನೆ. ಅಲ್ಲಿ ಕಪ್ಪಗಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಆಮೇಲೆ ನೇರ ಹೋಟೆಲಿಗೇ ಫೋನ್. ಬಿಸಿನೀರು ಗೀಸರಿನದೋ ಸೋಲಾರಿನದೋ? ಸೋಲಾರ್ ಆದರೆ ಎಷ್ಟು ಗಂಟೆಯವರೆಗೆ? ಎಷ್ಟೋ ಕಡೆ ಬೆಳಿಗ್ಗೆ ಎಂಟಾದರೆ ಮುಗಿಯಿತು. ಮೋಡ ಮುಚ್ಚಿದ ಆಷಾಢದಲ್ಲಿ ಏಳಕ್ಕೇ ತಣ್ಣಗೆ. ಕಿಟಕಿ ಎಲ್ಲಿಗೆ ತೆರೆಯುತ್ತದೆ? ಗಾಳಿಕೊಳವೆಯಂಥ ಸಂದಿಗೆ ತೆರೆದರೆ ರಾತ್ರಿಯಿಡೀ ಕೆಳಗಿನ ಅಡುಗೆಮನೆಯ ಒಗ್ಗರಣೆ ವಾಸನೆ. ರಾತ್ರಿ ಒಂದಕ್ಕೆ ಬಂದರೆ ಬಾಗಿಲು ತೆಗೆಯುವವರು ಯಾರು? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಒಂದು ಹೆಸರು ಹೇಳಿದರೆ ಆ ಹೋಟೆಲು ಚೆನ್ನಾಗಿ ನಡೆಯುತ್ತಿದೆ ಎಂದೇ ನನ್ನ ಅನುಭವ. ಇಷ್ಟೆಲ್ಲ ಆದ ಮೇಲೆ ರೇಟು. ಆ್ಯಪ್‌ನ ಕಮಿಷನ್ ಉಳಿಯುವುದರಿಂದ ನೂರು, ಇನ್ನೂರು ಬಿಡುತ್ತಾರೆ, ಮುಂಗಡವೂ ಕೇಳುವುದಿಲ್ಲ. ಹೋಗಿ ರೂಮ್ ನೋಡಿಯೇ ದುಡ್ಡು ಕೊಡುತ್ತೇನೆ.

ಬಾಡಿಗೆಯ ಅಂಕಿಗಿಂತ ಗಡಿಯಾರ ಹೆಚ್ಚು ದುಡ್ಡು ತಿನ್ನುತ್ತದೆ ಎಂಬುದನ್ನು ತಡವಾಗಿ ಕಲಿತೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹಿಡಿದರೆ ಬೆಂಗಳೂರಿನಲ್ಲಿ ಬೆಳಿಗ್ಗೆ ಐದೂವರೆ. ಚೈನ್ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಒಳಗೆ ಬಿಡುವುದು ಮಧ್ಯಾಹ್ನ ಹನ್ನೆರಡಕ್ಕೆ, ಖಾಲಿ ಮಾಡಬೇಕಾದದ್ದು ಮರುದಿನ ಹನ್ನೊಂದಕ್ಕೆ. ಬೆಳಿಗ್ಗೆಯೇ ರೂಮ್ ಬೇಕೆಂದರೆ ಅರ್ಧ ಬಾಡಿಗೆ ಸೇರಿಸುತ್ತಾರೆ. ನನ್ನ ಒಂದು ಪ್ರವಾಸದಲ್ಲಿ 1,400 ರೂಪಾಯಿಯ ರೂಮು ಹೀಗೆ 2,100 ಆಯಿತು, ಮೇಲೆ ತೆರಿಗೆ. ಮೆಜೆಸ್ಟಿಕ್, ಗಾಂಧಿನಗರದ ಎಷ್ಟೋ ಹಳೆಯ ಲಾಡ್ಜ್‌ಗಳಲ್ಲಿ ಇನ್ನೂ 24 ಗಂಟೆಯ ಲೆಕ್ಕವಿದೆ. ಆರಕ್ಕೆ ಹೊಕ್ಕರೆ ಮರುದಿನ ಆರರವರೆಗೆ ನಮ್ಮದೇ. ಸ್ನಾನ ಮಾಡಿ, ಒಂದು ಗಂಟೆ ಮಲಗಿ, ಪೀಣ್ಯದ ಕೆಲಸ ಮುಗಿಸಿ ಬಂದು ರಾತ್ರಿ ಪೂರ್ತಿ ನಿದ್ದೆ ಮಾಡಬಹುದು. ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. ರೈಲಿನಲ್ಲಿ ಬಂದು ಬರೀ ಸ್ನಾನ, ವಿಶ್ರಾಂತಿ ಸಾಕೆಂದರೆ ಸ್ಟೇಷನ್ನಿನ ರಿಟೈರಿಂಗ್ ರೂಮ್ ಇದೆ. ಟಿಕೆಟಿನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು.

ತೆರಿಗೆಯ ಮಾತು ಬಂತು. 2022ರ ಜುಲೈ 17ರವರೆಗೆ ಸಾವಿರ ರೂಪಾಯಿಯ ಒಳಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. ಆಮೇಲೆ 12% ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ 5%. ಆ್ಯಪ್‌ನಲ್ಲಿ ಮೊದಲ ಪುಟದ ರೇಟಿಗೆ ಇದು ಸೇರಿರುವುದಿಲ್ಲ ಎಂಬುದನ್ನಷ್ಟೇ ನೆನಪಿಟ್ಟುಕೊಂಡಿದ್ದೇನೆ. ಬೆಳಗಿನ ತಿಂಡಿ ಉಚಿತ ಎಂದು ಬರೆದಿದ್ದರೆ ಅದಿಲ್ಲದ ರೇಟು ಎಷ್ಟು ಎಂದು ಕೇಳುತ್ತೇನೆ. ತಣ್ಣಗಾದ ಇಡ್ಲಿ, ಬ್ರೆಡ್ ಜಾಮ್‌ಗಿಂತ ಬೀದಿ ತುದಿಯ ದರ್ಶಿನಿ ಎಷ್ಟೋ ವಾಸಿ.

ಇಷ್ಟೆಲ್ಲ ಓದಿ ನಾನು ಲಾಡ್ಜ್‌ಗಳ ಪಕ್ಷ ಎಂದುಕೊಳ್ಳಬಹುದು. ನನ್ನ ಲೆಕ್ಕ ಗಂಡಸಿನ ಲೆಕ್ಕ ಎಂದು ನನಗೆ ಮನದಟ್ಟು ಮಾಡಿದ್ದು ನಮ್ಮ ತಂಡಕ್ಕೆ ಎರಡು ವರ್ಷದ ಹಿಂದೆ ಸೇರಿದ ಹುಡುಗಿ. ಎಲೆಕ್ಟ್ರಾನಿಕ್ಸ್‌ನಲ್ಲಿ ನನಗಿಂತ ಚುರುಕು. ನಾನು ವರ್ಷಗಟ್ಟಲೆ ಉಳಿದ, ಕಣ್ಣು ಮುಚ್ಚಿ ಹೊಗಳುತ್ತಿದ್ದ ಒಂದು ಲಾಡ್ಜಿಗೆ ಅವಳನ್ನು ಕಳಿಸಿದೆ. ರಾತ್ರಿ ಎಂಟೂವರೆಗೆ ಫೋನ್ ಬಂತು: "ಅಣ್ಣಾ, ಒಬ್ಬರೇ ಹೆಣ್ಣುಮಕ್ಕಳಿಗೆ ರೂಮ್ ಕೊಡಲ್ಲ ಅಂತಿದಾರೆ." ನಾನು ಮ್ಯಾನೇಜರ್ ಹತ್ತಿರ ಮಾತಾಡಿದೆ. ನೀವು ಹೇಳಿದ್ದಕ್ಕೆ ಕೊಡ್ತೀನಿ ಸರ ಎಂದ. ನನ್ನ ಮಾತಿನ ಮೇಲೆ ಸಿಗುವ ರೂಮು ತನಗೆ ಬೇಡ ಎಂದಳು ಅವಳು. ಸರಿಯಾಗಿಯೇ ಹೇಳಿದಳು. ಮೂರು ಕಿಲೋಮೀಟರ್ ಆಚೆ, ಕಂಪನಿಯೇ ನಡೆಸುವ ಚೈನ್ ಹೋಟೆಲಿಗೆ ಹೋದಳು, 2,300 ರೂಪಾಯಿ. ಅಲ್ಲಿ ಆಧಾರ್ ನೋಡಿ ಕೀ ಕಾರ್ಡ್ ಕೊಟ್ಟರಂತೆ. ಯಾಕೆ ಬಂದಿದ್ದೀರಿ, ಜತೆಗೆ ಯಾರು ಎಂಬ ಒಂದು ಪ್ರಶ್ನೆ ಇಲ್ಲ. ಬಾಗಿಲಿಗೆ ಒಳಗಿನಿಂದ ಎರಡು ಚಿಲಕ. ರಾತ್ರಿಯಿಡೀ ಕೌಂಟರಿನಲ್ಲಿ ಜನ. ನಮ್ಮ ಕಂಪನಿ ಕೊಡುವ 1,000ದ ಮೇಲೆ ಹೋದ 1,300 ರೂಪಾಯಿಗೆ ಅವಳಿಗೆ ಸಿಕ್ಕಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೊಂಡಿಲ್ಲ. ನನಗೆ ಅದು ಪುಕ್ಕಟೆ ಸಿಗುತ್ತಿತ್ತು. ಮರುದಿನವೇ ನಮ್ಮ ಕಂಪನಿಯ ಮ್ಯಾನೇಜರಿಗೆ ಬರೆದು, ಹೆಣ್ಣುಮಕ್ಕಳಿಗೆ ಊರು ಯಾವುದೇ ಇರಲಿ 2,500ರವರೆಗೆ ಕೊಡಬೇಕು ಎಂದು ಕೇಳಿದೆ. ನಾಲ್ಕು ತಿಂಗಳು ಬೆನ್ನು ಹತ್ತಿದ ಮೇಲೆ ಆಯಿತು.

ಮನೆಯವರ ಜತೆ ಹೋಗುವಾಗ ನಾನೂ ಚೈನ್ ಹುಡುಕುತ್ತೇನೆ, ಬೇರೆ ಬಗೆಯದ್ದು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ, ಅಂದರೆ ಕೆಎಸ್‌ಟಿಡಿಸಿಯ, ಮಯೂರ ಹೋಟೆಲ್‌ಗಳನ್ನು ಯಾರೂ ಬಜೆಟ್ ಚೈನ್ ಎಂದು ಕರೆಯುವುದಿಲ್ಲ, ನಮ್ಮ ರಾಜ್ಯದ ಹಳೆಯ ಚೈನ್ ಅದೇ ಅಲ್ಲವೇ! ಹಂಪಿಗೆ ಹೋದಾಗ ಕಮಲಾಪುರದ ಮಯೂರ ಭುವನೇಶ್ವರಿಯಲ್ಲಿ ಉಳಿದೆವು, ಜೋಗಕ್ಕೆ ಹೋದಾಗ ಮಯೂರ ಗೇರುಸೊಪ್ಪದಲ್ಲಿ. ಅಲ್ಲಿ ಜಾಗಕ್ಕೇ ಬೆಲೆ. ಎದ್ದು ಹೊರಗೆ ಬಂದರೆ ನೋಡಬೇಕಾದದ್ದು ಹತ್ತಿರದಲ್ಲೇ, ಮಗಳು ಓಡಾಡಲು ಅಂಗಳ, ಟ್ಯಾಕ್ಸಿಯ ಖರ್ಚು ಉಳಿತಾಯ.

ಟೂಲ್ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಊರು, ಕಟ್ಟಡ, ರೂಮ್ ನಂಬರು, ಬಿಸಿನೀರು ಬಂದ ಸಮಯ, ಕೈಯಿಂದ ಹೋದ ಒಟ್ಟು ದುಡ್ಡು. ಚೈನಿನ ಹೆಸರಿಗೆ ಅದರಲ್ಲಿ ಅಂಕಣವಿಲ್ಲ. ಕಳೆದ ತಿಂಗಳಿಂದ ಒಂದು ಹೊಸ ಗೆರೆ ಎಳೆದಿದ್ದೇನೆ: ಒಬ್ಬರೇ ಹೆಣ್ಣುಮಕ್ಕಳಿಗೆ ಕೊಡುತ್ತಾರೆಯೇ ಎಂದು ಪ್ರತಿ ಕೌಂಟರಿನಲ್ಲೂ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಹದಿನಾಲ್ಕು ಕಡೆ ಕೇಳಿದ್ದೇನೆ, ಒಂಬತ್ತು ಕಡೆ ಹೌದು ಎಂದಿದ್ದಾರೆ. ನಾಳೆ ಕಲಬುರಗಿ, ಅಲ್ಲಿ ಇನ್ನು ಮೂರು ಬಾಕಿ ಇವೆ.