ಹಸುಗೂಸಿನ ತಲೆಯ ಆಕಾರ: ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ನಂತರ

ಮೈಸೂರು, ಮಂಡ್ಯ ಸೀಮೆಯ ಮನೆಗಳಲ್ಲಿ ಕೂಸಿನ ತಲೆ ಸೊಟ್ಟಗಿರುವುದು ಮೊದಲು ಗೊತ್ತಾಗುವುದು ಸಾಮಾನ್ಯವಾಗಿ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಗೇ. ಆದರೆ ನೀವಿದರೆ ಸರಿಹೋಗುತ್ತದೆಂದು ತಿಂಗಳುಗಟ್ಟಲೆ ಕಾಯುವುದು ತರವಲ್ಲ. ತಲೆಬುರುಡೆಯ ಮೂಳೆಗಳ ನಡುವಿನ ಸಂದು ಅಕಾಲದಲ್ಲಿ ಬೆಸೆದುಕೊಂಡಿದ್ದರೆ ಎಷ್ಟು ನೀವಿದರೂ ಅದು ಬಿಡದು.

ಕೂದಲು ಒದ್ದೆಯಿರುವಾಗಲೇ ತಲೆಯನ್ನು ಮೇಲಿನಿಂದ ನೋಡಿ. ಹಿಂಭಾಗದ ಒಂದು ಮಗ್ಗುಲು ಚಪ್ಪಟೆಯಾಗಿ, ಅದೇ ಬದಿಯ ಕಿವಿ ಮತ್ತು ಹಣೆ ತುಸು ಮುಂದೆ ಬಂದಿದ್ದರೆ ಅದು ಬಹುತೇಕ ಒಂದೇ ಕಡೆ ಮಲಗಿದ್ದರ ಫಲ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಡ. ನಿದ್ದೆಗೆ ಅಂಗಾತವೇ ಮಲಗಿಸಿ, ಎಚ್ಚರವಿದ್ದಾಗ ಕಣ್ಣೆದುರೇ ಬೋರಲು ಮಲಗಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ತಲೆ ದೋಣಿಯಂತೆ ನೀಳವಾಗಿ, ನಡುನೆತ್ತಿಯುದ್ದಕ್ಕೂ ಮೂಳೆಯ ಏಣು ಬೆರಳಿಗೆ ಸಿಕ್ಕರೆ, ಅಥವಾ ಹಣೆ ತ್ರಿಕೋನವಾಗಿ ಚೂಪಾಗಿದ್ದರೆ, ಸಂದು ಬೆಸೆದಿರುವ ಅನುಮಾನ ಬಲವಾಗುತ್ತದೆ. ಸುಮಾರು 2,000ದಿಂದ 2,500 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ನೆತ್ತಿ ಇನ್ನೂ ಮೆತ್ತಗಿದೆಯೆಂಬ ಧೈರ್ಯವೊಂದೇ ಸಾಲದು. ಸಂದು ಬೆಸೆದ ಕೂಸಿಗೂ ನೆತ್ತಿ ತೆರೆದಿರಬಹುದು.

ಮೈಸೂರಿನ ಚೆಲುವಾಂಬ ಅಥವಾ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತಾಯಿ ಕಾರ್ಡ್ ಸಮೇತ ಹೋಗಿ, ತಲೆಯ ಸುತ್ತಳತೆಯನ್ನು ಬರೆಸಿಕೊಳ್ಳಿ. ಅನುಮಾನವಿದ್ದರೆ ಮಕ್ಕಳ ನರಶಸ್ತ್ರಚಿಕಿತ್ಸಕರಲ್ಲಿಗೆ ಕಳಿಸಿಕೊಡುವಂತೆ ಕೇಳಿ. ಸಿ.ಟಿ. ಸ್ಕ್ಯಾನ್ ಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ. ವಿಕಿರಣದ ಕಾರಣದಿಂದ ಅದನ್ನು ಸುಮ್ಮನೆ ಮಾಡಿಸಬಾರದು.

ಬೇಗ ಹೋಗಬೇಕೆನ್ನಲು ಕಾರಣವಿದೆ. ಮೂರರಿಂದ ಆರು ತಿಂಗಳೊಳಗಿನ ಕೂಸಿಗೆ ಸಣ್ಣ ಗಾಯಗಳ ಮೂಲಕ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳುವಾದ ಕೊಳವೆ) ತೂರಿಸಿ ಬೆಸೆದ ಮೂಳೆಯ ಪಟ್ಟಿಯನ್ನು ತೆಗೆಯಬಹುದು. ರಕ್ತಸ್ರಾವ ಕಡಿಮೆ, ಆದರೆ ಆಮೇಲೆ ಹಲವು ತಿಂಗಳು ದಿನಕ್ಕೆ ಸುಮಾರು 23 ಗಂಟೆ, ತಲೆಯ ಆಕಾರ ತಿದ್ದಲು ಅಳತೆಗೆ ಮಾಡಿಸಿದ ಹೆಲ್ಮೆಟ್ ತೊಡಿಸಬೇಕು, ಮಗು ಬೆಳೆದಂತೆ ಅದನ್ನು ಸರಿಪಡಿಸುತ್ತಿರಬೇಕು. ಮಂಡ್ಯದ ಬಿಸಿಲಿನಲ್ಲಿ ಇದು ಸುಲಭವಲ್ಲ, ಒಪ್ಪುವ ಮುನ್ನ ಯೋಚಿಸಿ. ವಯಸ್ಸು ಮೀರಿದರೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ, ಕಿವಿಯಿಂದ ಕಿವಿಗೆ ನೆತ್ತಿಯ ಚರ್ಮವನ್ನು ಬಿಡಿಸಿ ಮೂಳೆಗಳನ್ನು ಮರುಜೋಡಿಸುವ ತೆರೆದ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಇದರಲ್ಲಿ ಮಗುವಿಗೆ ರಕ್ತ ಕೊಡಬೇಕಾಗುವುದು ಸಾಮಾನ್ಯ. ಆದ್ದರಿಂದ ಅದರ ಏರ್ಪಾಡನ್ನು ಮೊದಲೇ ವಿಚಾರಿಸಿ. ನೆಗಡಿ, ಜ್ವರವಿದ್ದರೆ ಮುಚ್ಚಿಡದೆ ಅರಿವಳಿಕೆ ವೈದ್ಯರಿಗೆ ತಿಳಿಸಿ.

ತೆರೆದ ಶಸ್ತ್ರಚಿಕಿತ್ಸೆಯಾದ ಎರಡು-ಮೂರು ದಿನ ಕಣ್ಣುರೆಪ್ಪೆಗಳು ಊದಿ ಮುಚ್ಚಿಕೊಳ್ಳಬಹುದು. ನೋಡಲು ಭಯವಾದರೂ ಅದು ಇಳಿಯುತ್ತದೆ. ವೈದ್ಯರು ಹೇಳುವವರೆಗೆ ಗಾಯಕ್ಕೆ ಎಣ್ಣೆ, ಅರಿಸಿನ, ಸಾಂಬ್ರಾಣಿ ಹೊಗೆ ಯಾವುದೂ ಬೇಡ. ಜ್ವರ, ಗಾಯದಿಂದ ನೀರು ಸೋರುವಿಕೆ, ಬಿಡದ ವಾಂತಿ ಅಥವಾ ಎಬ್ಬಿಸಿದರೂ ಏಳದ ಮಂಪರು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.