ಕರೆಂಟ್ ಹೋದಾಗ ಅಕ್ವೇರಿಯಂ ಮೀನುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಮಲೆನಾಡಿನ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಮರುದಿನವೋ ಅದರ ಮರುದಿನವೋ. ಬೆಂಗಳೂರಿನಲ್ಲಿ ಬೆಸ್ಕಾಂ ನಿರ್ವಹಣಾ ಕಾಮಗಾರಿ ಎಂದರೆ ಬೆಳಿಗ್ಗೆ ಹೋದದ್ದು ಸಂಜೆಗೆ ಮರಳುತ್ತದೆ. ಮನೆಯವರು ಹೇಗೋ ಕಾಲ ಕಳೆಯುತ್ತಾರೆ. ಗಾಜಿನ ತೊಟ್ಟಿಯಲ್ಲಿರುವ ಮೀನಿಗೆ ಎದ್ದು ಹೋಗಲು ಜಾಗವಿಲ್ಲ. ಅದರ ಹೊಣೆ ಪೂರ್ತಿ ನಮ್ಮದು.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಕರೆಂಟ್ ಹೋದಾಗ ಮೀನಿಗೆ ಮೊದಲು ಬೇಕಾದದ್ದು ಗಾಳಿ. ದೀಪ, ಹೀಟರ್ ಎಲ್ಲ ಆಮೇಲೆ. ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ. ಮೇಲ್ಮೈ ಅಲುಗಾಡುತ್ತಿದ್ದರೆ ಬೇಗ ಸೇರುತ್ತದೆ, ನಿಂತುಬಿಟ್ಟರೆ ನಿಧಾನವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಹಾಗಾಗಿ ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯ ಮನೆಗಳಲ್ಲಿ ಅಪಾಯ ಹೆಚ್ಚು. ಗೋಲ್ಡ್‌ಫಿಶ್, ಆಸ್ಕರ್‌ನಂಥ ದೊಡ್ಡದಾಗಿ ಬೆಳೆಯುವ ಮೀನುಗಳು ತುಂಬಿರುವ ತೊಟ್ಟಿಯಲ್ಲಿ ಆಮ್ಲಜನಕ ಬೇಗ ಕಡಿಮೆಯಾಗುತ್ತದೆ. ಬೆಟ್ಟಾ, ಗೌರಾಮಿಗಳು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಎಳೆದುಕೊಳ್ಳಬಲ್ಲವು, ಅವುಗಳ ಬಗ್ಗೆ ಆತಂಕ ಕಡಿಮೆ.

ವ್ಯಾಟ್ ಲೆಕ್ಕ ಹಾಕಿ

ತೊಟ್ಟಿಗೆ ಜೋಡಿಸಿದ ಪ್ರತಿ ಉಪಕರಣದ ಮೇಲಿನ ಚೀಟಿ ಓದಿ, ಬರೆದಿಟ್ಟುಕೊಳ್ಳಿ. ಸಣ್ಣ ಏರ್ ಪಂಪ್ 3ರಿಂದ 5 ವ್ಯಾಟ್, ತೂಗುಹಾಕುವ ಫಿಲ್ಟರ್ ಹತ್ತರೊಳಗೆ, ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ 15ರಿಂದ 30 ಇರುತ್ತದೆ. ಹೀಟರ್ ಮಾತ್ರ 100 ದಾಟಬಹುದು. ಜೀವ ಉಳಿಸುವ ಏರ್ ಪಂಪ್‌ಗೇ ಎಲ್ಲಕ್ಕಿಂತ ಕಡಿಮೆ ವಿದ್ಯುತ್ ಸಾಕು ಎಂಬುದು ಈ ಪಟ್ಟಿ ನೋಡಿದ ಕೂಡಲೇ ಗೊತ್ತಾಗುತ್ತದೆ.

ಎಲ್ಲರೂ ಮಾಡಬಹುದಾದ ಏರ್ಪಾಡು

ಯುಎಸ್‌ಬಿ ಏರ್ ಪಂಪ್ ಮತ್ತು ಒಂದು ಪವರ್ ಬ್ಯಾಂಕ್. ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದ್ದರೂ ಇದೊಂದು ಇರಲಿ ಎಂಬುದು ನನ್ನ ಒತ್ತಾಯ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್ ಅವರ್ ಶಕ್ತಿ ಇರುತ್ತದೆ (ಒಂದು ವ್ಯಾಟಿನ ಉಪಕರಣ ಒಂದು ಗಂಟೆ ಓಡಲು ಬೇಕಾದ ಶಕ್ತಿಯೇ ಒಂದು ವ್ಯಾಟ್ ಅವರ್). ಸೋರಿಕೆ ಕಳೆದು 25 ಉಳಿಯಿತೆಂದುಕೊಂಡರೂ ಒಂದೂವರೆ ವ್ಯಾಟಿನ ಪಂಪ್ ಹದಿನಾರು ಗಂಟೆ ಓಡುತ್ತದೆ. ಆದರೆ ಕೊಳ್ಳುವಾಗಲೇ ಪರೀಕ್ಷಿಸಿ: ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ಹೊರೆಯನ್ನು ಗುರುತಿಸದೆ, ಫೋನ್ ಚಾರ್ಜ್ ಆಯಿತೆಂದು ಎಣಿಸಿ ತಾವಾಗಿಯೇ ಆಫ್ ಆಗುತ್ತವೆ. ಒಂದು ಗಂಟೆ ಓಡಿಸಿ ನೋಡದೆ ನಂಬಬೇಡಿ.

ಪಂಪ್ ಯಾವುದೇ ಇರಲಿ, ಗಾಳಿಯ ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಪಂಪ್ ನಿಂತಾಗ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪ್‌ಗೂ ನೆಲಕ್ಕೂ ಇಳಿಯುತ್ತದೆ. ನೀರಿನ ಬಳಿ ವಿದ್ಯುತ್ ಇರುವ ಕಡೆ ಇದು ಮನುಷ್ಯರಿಗೂ ಅಪಾಯ.

ಇನ್ವರ್ಟರ್ ಇದ್ದರೆ

ತೊಟ್ಟಿಯ ಪ್ಲಗ್ ಪಾಯಿಂಟ್‌ಗೆ ಇನ್ವರ್ಟರ್ ಲೈನ್ ಬಂದಿದೆಯೇ? ಬಹುತೇಕ ಮನೆಗಳಲ್ಲಿ ಫ್ಯಾನ್, ಲೈಟ್‌ಗಳಿಗೆ ಮಾತ್ರ ಆ ಲೈನ್ ಇರುತ್ತದೆ. ಮೇನ್ ಸ್ವಿಚ್ ಇಳಿಸಿ ನೋಡಿ. ಇಲ್ಲವಾದರೆ ಎಲೆಕ್ಟ್ರಿಷಿಯನ್ ಕರೆಸಿ ಒಂದು ಪಾಯಿಂಟ್ ಎಳೆಸಿಕೊಳ್ಳಿ. ಅದಕ್ಕೆ ಏರ್ ಪಂಪ್ ಮತ್ತು ಫಿಲ್ಟರ್ ಸಾಕು, ಹೀಟರ್ ಬೇಡ.

12 ವೋಲ್ಟಿನ, 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1,800 ವ್ಯಾಟ್ ಅವರ್ ಇರುತ್ತದೆ. ಕೈಗೆ ಸಿಗುವುದು ಸಾವಿರ ಎಂದುಕೊಳ್ಳಿ. ಎರಡು ಹಳೆಯ ಫ್ಯಾನ್, ಕೆಲವು ದೀಪ ಸೇರಿ 200 ವ್ಯಾಟ್ ಎಳೆದರೆ ಐದು ಗಂಟೆಯಲ್ಲಿ ಎಲ್ಲ ಮುಗಿಯಿತು. ಫ್ಯಾನ್ ನಿಲ್ಲಿಸಿ ತೊಟ್ಟಿಯ 20 ವ್ಯಾಟನ್ನಷ್ಟೇ ಉಳಿಸಿಕೊಂಡರೆ, ಇನ್ವರ್ಟರ್ ತಾನೇ ತಿನ್ನುವ ಪಾಲು ಸೇರಿಸಿದರೂ ಒಂದು ಹಗಲು ಒಂದು ರಾತ್ರಿ ನಡೆಯುತ್ತದೆ. ಹೊಸದಾಗಿ ಕೊಳ್ಳುವವರು ಮನೆಯ ಕರೆಂಟಿನಂತೆಯೇ ನಯವಾಗಿ ಏರಿಳಿಯುವ ವಿದ್ಯುತ್ ಕೊಡುವ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ. ಸ್ಕ್ವೇರ್ ವೇವ್‌ನಲ್ಲಿ ಫಿಲ್ಟರಿನ ಮೋಟಾರು ಗೊರಗುಡುತ್ತದೆ, ಬಿಸಿಯಾಗುತ್ತದೆ.

ಕಂಪ್ಯೂಟರ್ ಯುಪಿಎಸ್ ಕೂಡ ಒಂದೆರಡು ಗಂಟೆಗೆ ಆದೀತು. ಅದರಲ್ಲಿರುವುದು ಸಾಮಾನ್ಯವಾಗಿ 7 ಎಎಚ್ ಬ್ಯಾಟರಿ, ಹೆಚ್ಚು ನಿರೀಕ್ಷೆ ಬೇಡ. ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇದ್ದರೆ ಅದು ಯಾವ ಪಾಯಿಂಟ್‌ಗೆ ಬರುತ್ತದೆಂದು ಮೊದಲೇ ತಿಳಿದುಕೊಳ್ಳಿ.

ಕರೆಂಟ್ ಹೋದ ಮೇಲೆ

ಆಹಾರ ಹಾಕುವುದನ್ನು ನಿಲ್ಲಿಸಿ. ಆರೋಗ್ಯವಾಗಿರುವ ದೊಡ್ಡ ಮೀನು ಎರಡು ಮೂರು ದಿನ ಉಪವಾಸ ಇದ್ದರೆ ಏನೂ ಆಗದು. ಹಾಕಿದ ಆಹಾರ ಕೊಳೆತರೆ ಇರುವ ಆಮ್ಲಜನಕವೂ ಹೋಗಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ಗಿಡಗಳಿರುವ ತೊಟ್ಟಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ತಕ್ಷಣ ಮುಚ್ಚಿ, ಏಕೆಂದರೆ ಕತ್ತಲಲ್ಲಿ ಗಿಡಗಳು ಆ ಅನಿಲವನ್ನು ಬಳಸುವುದಿಲ್ಲ, ಬದಲಿಗೆ ಮೀನಿನಂತೆ ಅವೂ ಆಮ್ಲಜನಕ ಬಳಸುತ್ತವೆ. ಚಳಿಯಿದ್ದರೆ ಗಾಜಿನ ಸುತ್ತ ಕಂಬಳಿ ಹೊದಿಸಿ, ಮೇಲ್ಭಾಗ ಮಾತ್ರ ತೆರೆದಿರಲಿ.

ಯಾವ ಪಂಪೂ ಇಲ್ಲದವರಿಗೆ ಚೊಂಬಿದೆ. ತೊಟ್ಟಿಯ ನೀರನ್ನೇ ಎತ್ತಿ ಅರ್ಧ ಅಡಿ ಮೇಲಿನಿಂದ ಸುರಿಯಿರಿ, ಹೀಗೆ ಕೆಲವು ನಿಮಿಷ, ಅರ್ಧ ಗಂಟೆಗೊಮ್ಮೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅರ್ಧ ಗಂಟೆ ಕಾಯಬೇಡಿ.

ಕರೆಂಟ್ ಬಂದ ಮೇಲೆ

ಇಲ್ಲಿ ಆತುರ ಪಟ್ಟರೆ ಅಷ್ಟು ಹೊತ್ತು ಕಾದದ್ದು ವ್ಯರ್ಥ. ಫಿಲ್ಟರಿನಲ್ಲಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ನೆಲೆಸಿರುತ್ತವೆ, ಅವಕ್ಕೂ ಆಮ್ಲಜನಕ ಬೇಕು. ಮುಚ್ಚಿದ ಕ್ಯಾನಿಸ್ಟರ್ ಹಲವು ಗಂಟೆ ನಿಂತರೆ ಒಳಗಿನ ನೀರು ಕೊಳೆತು ನಾರುತ್ತದೆ. ಅದನ್ನು ಹಾಗೆಯೇ ಚಾಲೂ ಮಾಡಿದರೆ ಆ ನೀರೆಲ್ಲ ನೇರ ಮೀನಿನ ಮೇಲೆ ಬೀಳುತ್ತದೆ. ಮೊದಲು ಪ್ಲಗ್ ತೆಗೆದು, ಕ್ಯಾನಿಸ್ಟರ್ ತೆರೆದು ನೀರು ಚೆಲ್ಲಿ, ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಜಾಲಾಡಿ ಜೋಡಿಸಿ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಉಳಿದ ಬ್ಯಾಕ್ಟೀರಿಯಾವೂ ಸಾಯುತ್ತವೆ. ಬಳಿಕ ಕಾಲು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರನ್ನೇ ತುಂಬಿ. ಆಹಾರ ಮರುದಿನ, ಅದೂ ಚಿಟಿಕೆಯಷ್ಟು. ವಾರದವರೆಗೆ ಅಮೋನಿಯಾ ಪರೀಕ್ಷಾ ಕಿಟ್ ಕೈಗೆಟುಕುವಂತೆ ಇರಲಿ.